ಕಡಲಿನ ವೇಳೆ

ರಾಣೆಬೆನ್ನೂರಿನ ವಾಚಕರೊಬ್ಬರು ನಮಗೊಂದು ಕಾಗದವನ್ನು ಬರೆದಿರುವರು. ಚಳಿಗಾಲದಲ್ಲಿ ಮಕ್ಕಳನ್ನು ನಾಲ್ಕು ದಿನ ಎಲ್ಲಿಗಾದರೂ ಕರೆದೊಯ್ಯಬೇಕೆಂಬ ಇಚ್ಛೆ ಅವರಿಗೆ ಉಂಟಾಗಿದೆ, ಗುಡಿಗೋಪುರಗಳನ್ನು ತೋರಿಸಿಯಾಯಿತು, ಕಾಲಿಗೆ ನಡಿಗೆಯೂ ಕಣ್ಣಿಗೆ ಹೊಸ ಜೀವಿಗಳ ನೋಟವೂ ಒಟ್ಟಿಗೆ ದೊರೆಯುವ ಸ್ಥಳವೊಂದನ್ನು ಸೂಚಿಸಬೇಕೆಂದು ಅವರ ಅರಿಕೆ. ಈ ಕಾಗದವನ್ನೋದಿದೊಡನೆ ನಮಗೆ ಗೋಕರ್ಣದ ಕಡಲದಂಡೆಯ ಕಾಲುದಾರಿಯ ನೆನಪಾಯಿತು. ಆದರೆ ಆ ದಾರಿಯನ್ನು ಹೇಳಬೇಕಾದರೆ ನಮ್ಮದೊಂದು ತಪ್ಪನ್ನೂ ಹೇಳಬೇಕಾಗುವುದು. ಆದುದರಿಂದ ಕೆಲವು ಕಾಲ ಲೇಖನಿಯನ್ನು ಹಿಡಿದು ಸುಮ್ಮನೆ ಕುಳಿತೆವು. ಕೊನೆಗೆ, ಅರುವತ್ತು ವರ್ಷದವನ ನಾಚಿಕೆಗಿಂತ ಇತರರ ಮಕ್ಕಳ ಕ್ಷೇಮವು ದೊಡ್ಡದೆಂದು ಬಗೆದು ಬರೆಯಲು ತೊಡಗಿದ್ದೇವೆ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ನಾವು ಬಯಲುಸೀಮೆಯವರು. ನಮಗೂ ಕಡಲಿಗೂ ಏನು ಸಂಬಂಧವೆಂದು ಕೆಲವರು ಕೇಳಿಯಾರು. ಸಂಬಂಧವು ನಮ್ಮ ಅಡಿಗೆಮನೆಯಲ್ಲಿಯೇ ಉಂಟು. ಬ್ಯಾಡಗಿಯ ಮೆಣಸಿನಕಾಯಿಯು ಘಟ್ಟವಿಳಿದು ಕರಾವಳಿಯ ಸಾರಿಗೆ ಕೆಂಪನ್ನು ಕೊಡುತ್ತದೆ. ಕಡಲಿನ ಉಪ್ಪು ಘಟ್ಟವೇರಿ ನಮ್ಮ ಊಟಕ್ಕೆ ರುಚಿಯನ್ನು ತರುತ್ತದೆ. ಹಾವೇರಿಯಿಂದ ಹಾನಗಲ್ಲು, ಶಿರಸಿಗಳನ್ನು ಹಾಯ್ದು, ದೇವಿಮನೆಯ ಘಟ್ಟವಿಳಿದು ಕುಮಟೆಗೆ ಬಂದು, ಅಲ್ಲಿಂದ ಗೋಕರ್ಣಕ್ಕೆ ತಿರುಗಿದರೆ, ಊರು ಇನ್ನೂ ಸ್ವಲ್ಪ ದೂರವಿರುವಾಗಲೇ ಸಾಣಿಕಟ್ಟೆಯ ಉಪ್ಪಿನ ಆಗರಗಳು ದಾರಿಯ ಬದಿಯಲ್ಲಿ ಕಾಣುವುವು. ಭರತದ ನೀರನ್ನು ಮಡಿಗಳಲ್ಲಿ ನಿಲ್ಲಿಸಿ, ಬಿಸಿಲಿಗೆ ಆರಿಸಿ, ಉಪ್ಪನ್ನು ಕೆರೆದು ರಾಶಿ ಹಾಕುವ ಆ ಕೆಲಸವನ್ನು ಮಕ್ಕಳಿಗೆ ವಾಹನ ನಿಲ್ಲಿಸಿಯಾದರೂ ತೋರಿಸತಕ್ಕದ್ದು.

ಅಲ್ಲಿ ನಾವು ನಮ್ಮ ಮೊಮ್ಮಗನಿಗೆ ಒಂದು ಮಾತನ್ನು ಹೇಳಿದೆವು. ಬ್ಯಾಡಗಿ ತಾಲೂಕಿನ ಮೋಟೇಬೆನ್ನೂರಿನ ಮೈಲಾರ ಮಹಾದೇವಪ್ಪನವರು, ಹತ್ತೊಂಬತ್ತು ವರ್ಷ ತುಂಬುವುದಕ್ಕೆ ಮೊದಲೇ, 1930ನೆಯ ಮಾರ್ಚಿ 12ರಂದು ಸಾಬರಮತಿಯಿಂದ ಮಹಾತ್ಮರೊಡನೆ ಹೊರಟು ದಾಂಡಿಯ ಕಡಲವರೆಗೆ ಕಾಲುನಡಿಗೆಯಿಂದ ಹೋದವರು. ಏಪ್ರಿಲ್ 6ರಂದು ದಾಂಡಿಯಲ್ಲಿ ಉಪ್ಪಿನ ಕಾಯಿದೆ ಮುರಿಯಿತು; 13ರಂದು ನಮ್ಮ ಅಂಕೋಲೆಯಲ್ಲಿಯೂ ಮುರಿಯಿತು. ಮಹಾದೇವಪ್ಪನವರು 1943ನೆಯ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದರು. ಹೀಗೆ ನಮ್ಮ ಬಯಲುಸೀಮೆಯವನೊಬ್ಬನು ಕಡಲಿಗೆ ನಡೆದುಹೋದ ಕಥೆಯು ದೇಶದ ಇತಿಹಾಸದಲ್ಲಿಯೇ ಸೇರಿದೆ. ಮೊಮ್ಮಗನು ಇದನ್ನು ಕೇಳಿ, "ಅಜ್ಜಾ, ಹಂಗಾದ್ರ ನಾವೂ ನಡಕೋತ ಹೋಗೂಣು" ಎಂದನು. ಹನ್ನೊಂದು ವರ್ಷದ ಬಾಲಕನ ಉತ್ಸಾಹವು ನಮ್ಮ ಮೊಳಕಾಲುಗಳಿಗೂ ಅಂಟಿತು.

ಗೋಕರ್ಣದಿಂದ ತೆಂಕಣಕ್ಕೆ ಹೋಗುವ ದಾರಿಯ ಕ್ರಮವು ಹೀಗಿರುವುದು: ಮೊದಲು ಊರಿನ ದೊಡ್ಡ ದಂಡೆ, ಗುಡ್ಡವೇರಿ ಇಳಿದರೆ ಕುಡ್ಲೆ, ಮತ್ತೆ ಗುಡ್ಡ, ಆಮೇಲೆ ಓಂಕಾರದ ಆಕಾರದಲ್ಲಿ ಬಾಗಿರುವ ಓಂ ದಂಡೆ, ಅದರಾಚೆ ಹಾಫ್‌ಮೂನ್ ಮತ್ತು ಪ್ಯಾರಡೈಸ್ ಎಂದು ಈಚಿನವರು ಕರೆಯುವ ಎರಡು ಸಣ್ಣ ದಂಡೆಗಳು, ತರುವಾಯ ಬೇಲೆಕಾನ ಮತ್ತು ತದಡಿ. ತದಡಿಯಲ್ಲಿ ಅಘನಾಶಿನಿ ನದಿಯನ್ನು ದೋಣಿಯಿಂದ ದಾಟಿ ಮುಂದೆ ಕುಮಟೆಯವರೆಗೂ ನಡೆಯುವವರುಂಟು. ಇಡೀ ದಾರಿಯು ಸುಮಾರು 20ರಿಂದ 25 ಕಿ.ಮೀ. ಆಗುವುದು. ನಾವು ತದಡಿಯವರೆಗಿನ ಭಾಗವನ್ನು ಮಾತ್ರ ಎರಡು ದಿನಗಳಲ್ಲಿ ನಡೆದೆವು. ಮಕ್ಕಳಿಗೂ ವೃದ್ಧರಿಗೂ ಅಷ್ಟೇ ಸಾಕು.

ಇನ್ನು ನಮ್ಮ ತಪ್ಪಿನ ವಿಷಯ. ಅದಕ್ಕೆ ಒಂದು ಶಬ್ದದ ಪೀಠಿಕೆ ಬೇಕು. ನಾವು ಮೂವತ್ತು ವರ್ಷಗಳಿಗೂ ಮಿಕ್ಕಿ ಹುಡುಗರಿಗೆ ಅಮರಕೋಶವನ್ನು ಹೇಳಿಕೊಟ್ಟವರು. ಅದರ ನಾನಾರ್ಥವರ್ಗದಲ್ಲಿ 'ವೇಲಾ' ಎಂಬ ಶಬ್ದಕ್ಕೆ ಮೂರು ಅರ್ಥಗಳನ್ನು ಕೊಟ್ಟಿದೆ: ಸಮುದ್ರಜಲದ ವಿಕಾರ, ಎಂದರೆ ಏರಿಳಿತ, ಕಾಲ, ಮತ್ತು ಮರ್ಯಾದೆ, ಎಂದರೆ ಎಲ್ಲೆ. ನಾವು ದಿನಬಳಕೆಯಲ್ಲಿ ಆಡುವ 'ವೇಳೆ' ಎಂಬ ಮಾತು ಇದೇ ಶಬ್ದದಿಂದ ಬಂದುದು. ಈ ಮೂರು ಅರ್ಥಗಳನ್ನು ಎಷ್ಟು ನೂರು ಹುಡುಗರ ಬಾಯಲ್ಲಿ ಗಟ್ಟಿ ಮಾಡಿಸಿದೆವೋ ಲೆಕ್ಕವಿಲ್ಲ. ಆದರೆ ಈ ಮೂರೂ ಒಂದೇ ಶಬ್ದದಲ್ಲಿ ಏಕೆ ಕೂಡಿದುವೆಂದು ನಾವು ಒಮ್ಮೆಯೂ ಯೋಚಿಸಿದವರಲ್ಲ. ಅದನ್ನು ನಮಗೆ ಕಲಿಸಿದವಳು ಅಕ್ಷರ ಕಲಿಯದ ಒಬ್ಬ ಹೆಂಗಸು.

ಅಂದು ಬನದ ಹುಣ್ಣಿಮೆ. ನಮ್ಮ ಮನೆಯವರು ಉಪವಾಸವಿದ್ದು, ಮಹಾಬಲೇಶ್ವರನ ದರ್ಶನಕ್ಕೆಂದು ಊರಲ್ಲಿಯೇ ಉಳಿದರು. ನಾವು ಮೊಮ್ಮಗನೊಡನೆ ನಸುಕಿನಲ್ಲಿಯೇ ಹೊರಟು, ಸೂರ್ಯೋದಯದ ಹೊತ್ತಿಗೆ ಕುಡ್ಲೆಯ ದಂಡೆಯ ತೆಂಕಣ ತುದಿಯನ್ನು ಮುಟ್ಟಿದೆವು. ಅಲ್ಲಿ ಮುಂದೆ ಹೋಗಲು ಗುಡ್ಡದ ಮೇಲಿನ ದಾರಿಯುಂಟು. ಆದರೆ ನೀರು ಬಹಳ ಕೆಳಗೆ ಸರಿದು, ಗುಡ್ಡದ ಬುಡದ ಬಂಡೆಗಳೆಲ್ಲ ತೆರೆದು ನಿಂತಿದ್ದುವು. ಬಂಡೆಗೆ ಕಚ್ಚಿದ ಚಿಪ್ಪುಗಳನ್ನು ಕೀಳುತ್ತಿದ್ದ ಒಬ್ಬ ಹೆಂಗಸು, ನಾವು ಅತ್ತ ಇಳಿಯುವುದನ್ನು ಕಂಡು, ಹುಡುಗನನ್ನು ಕರೆದು, "ತಮಾ, ಅಜ್ಜನ್ನ ಕರ್ಕೊಂಡು ಗುಡ್ಡದ ದಾರಿ ಹಿಡಿ. ಎಂಟು ಗಂಟೆ ಆಗೂದ್ರೊಳಗೆ ಇಲ್ಲಿ ನೀರು ಏರ್ತದೆ" ಎಂದಳು. ಸಮುದ್ರವು ಅರ್ಧ ಫರ್ಲಾಂಗು ದೂರದಲ್ಲಿ ಸಾಧುವಾಗಿ ಮಲಗಿತ್ತು. ನಾವು ನಕ್ಕು, ಆಗಲೆಂದು ತಲೆಯಲ್ಲಾಡಿಸಿ, ಬಂಡೆಗಳ ಮೇಲೆಯೇ ನಡೆದೆವು.

ನಿಜವಾಗಿ ಹೇಳುವುದಾದರೆ, ಅಲ್ಲಿ ಕಂಡ ನೋಟವು ಎಂಥವನನ್ನೂ ಮರುಳು ಮಾಡತಕ್ಕದ್ದು. ಇಳಿದ ನೀರು ಬಂಡೆಗಳ ಕುಳಿಗಳಲ್ಲಿ ನಿಂತು ಒಂದೊಂದೂ ಒಂದು ಪುಟ್ಟ ಲೋಕವಾಗಿತ್ತು. ಶಂಖವೊಂದು ತಾನಾಗಿ ನಡೆಯಿತು. ಎತ್ತಿ ನೋಡಲು, ಸತ್ತ ಹುಳುವಿನ ಶಂಖದಲ್ಲಿ ಬಾಡಿಗೆದಾರನಂತೆ ಸೇರಿಕೊಂಡ ಏಡಿ! ಅದು ಬೆಳೆದಂತೆ ಹಳೆಯ ಶಂಖವನ್ನು ಬಿಟ್ಟು ದೊಡ್ಡದೊಂದನ್ನು ಹುಡುಕಿಕೊಳ್ಳುವುದು. ಆದುದರಿಂದ ದಂಡೆಯ ಖಾಲಿ ಶಂಖಗಳನ್ನು ಚೀಲ ತುಂಬಿಕೊಂಡು ಬರುವವರು ಯಾರದೋ ಮನೆಯನ್ನು ಹೊತ್ತು ತರುತ್ತಾರೆಂದೇ ತಿಳಿಯಬೇಕು. ಬಂಡೆಗಳ ಮೇಲೆ ಸುಣ್ಣದ ಹರಳುಗಳಂತೆ ಅಂಟಿಕೊಂಡಿದ್ದುವು ಕಲ್ಲಲ್ಲ. ಏಡಿ ಸೀಗಡಿಗಳ ಬಂಧುಗಳಾದ ಜೀವಿಗಳವು. ನೀರು ಮುಚ್ಚಿದಾಗ ಬಾಯಿ ತೆರೆದು, ಗರಿಯಂಥ ಕಾಲುಗಳನ್ನು ಬೀಸಿ ಆಹಾರವನ್ನು ಹಿಡಿಯುವುವು. ನೀರಿಳಿದಾಗ ಬಾಗಿಲು ಹಾಕಿಕೊಂಡು ಭರತದ ದಾರಿ ಕಾಯುವುವು. ಅವುಗಳ ಬಾಗಿಲು ಒಂದೊಂದಾಗಿ ತೆರೆಯುವುದನ್ನು ಹುಡುಗನು ಬಗ್ಗಿ ನೋಡುತ್ತಿದ್ದನು. ಬಾಗಿಲು ತೆರೆಯುತ್ತಿರುವುದೇತಕ್ಕೆಂದು ನಮಗೆ ಹೊಳೆಯಲಿಲ್ಲ.

"ಅಜ್ಜಾ, ನೀರು ಮ್ಯಾಲೆ ಬರಾಕ ಹತ್ತೇತಿ" ಎಂದು ಅವನೇ ಹೇಳಿದಾಗ ಹಿಂದಿರುಗಿ ನೋಡಿದೆವು. ನಾವು ಒಣಗಾಲಲ್ಲಿ ದಾಟಿದ ಬಂಡೆಗಳ ನಡುವೆ ನೊರೆಯಾಡುತ್ತಿತ್ತು. ಮುಂದೆ ಹೋಗಲು ಎಡೆಯಿಲ್ಲ. ಹಿಂದಿನ ದಾರಿ ಮುಚ್ಚಿದೆ. ಪಕ್ಕದಲ್ಲಿ ಕಡಿದಾದ ಗುಡ್ಡ. ಹುಡುಗನ ಕೈ ಹಿಡಿದು ಹಿಂದೆ ಸರಿಯುವಷ್ಟರಲ್ಲಿ ಒಂದು ತೆರೆ ಬಂದು ಅವನ ಕಾಲನ್ನು ಎಳೆಯಿತು. ಅವನು ಜಾರಿ ಮೊಳಕಾಲೂರಿ ಬಿದ್ದನು. ಆ ಸುಣ್ಣದ ಹರಳುಗಳು ಕತ್ತಿಯಂತೆ ಚರ್ಮವನ್ನು ಸೀಳಿದುವು. ಅವನ ತೋಳು ನಮ್ಮ ಹಿಡಿಯಲ್ಲಿತ್ತು. ಆದರೆ ಇನ್ನೊಂದು ತೆರೆಗೆ ಆ ಹಿಡಿ ಉಳಿದೀತೆಂಬ ಧೈರ್ಯವು ನಮ್ಮಲ್ಲಿ ಇರಲಿಲ್ಲ. ಆ ಕ್ಷಣದಲ್ಲಿ ಯಾವ ಶ್ಲೋಕವೂ ನೆನಪಾಗಲಿಲ್ಲ. ಸೊಸೆಯ ಮುಖವೊಂದೇ ನೆನಪಾಯಿತು.

ಆ ಹೆಂಗಸು ನಮ್ಮನ್ನು ನೋಡುತ್ತಲೇ ಇದ್ದಳೆಂದು ಕಾಣುತ್ತದೆ. ಗುಡ್ಡದ ಮೇಲಿನಿಂದ ಇಬ್ಬರು ತರುಣರು ಬಂಡೆಯ ಬಿರುಕೊಂದನ್ನು ಹಿಡಿದು ಇಳಿದು ಬಂದು, ಮೊದಲು ಹುಡುಗನನ್ನು, ಬಳಿಕ ನಮ್ಮನ್ನು ಮೇಲಕ್ಕೆ ಎತ್ತಿಕೊಂಡರು. ಅವಳು ಗಾಯಕ್ಕೆ ತನ್ನ ಸೆರಗಿನ ಅರಿವೆಯನ್ನು ಹರಿದು ಕಟ್ಟಿದಳು. ಬೈಯಲಿಲ್ಲ. "ಇವತ್ತು ಹುಣ್ಣಿಮೆ ಅಲ್ಲವಾ? ನಿಮ್ಮ ಮನೆಯಲ್ಲಿ ಪಂಚಾಂಗ ಇಲ್ಲವಾ?" ಎಂದು ಮಾತ್ರ ಕೇಳಿದಳು.

ಪಂಚಾಂಗವು ನಮ್ಮ ಮನೆಯಲ್ಲಿ ಇತ್ತು, ಹುಣ್ಣಿಮೆಯೆಂಬುದೂ ತಿಳಿದಿತ್ತು. ಉಪವಾಸಕ್ಕೆ ಅದನ್ನು ನೋಡಿದ್ದೆವೇ ಹೊರತು ಸಮುದ್ರಕ್ಕೆ ನೋಡಿರಲಿಲ್ಲ. ಅಂದು ಮಧ್ಯಾಹ್ನ ಓಂ ದಂಡೆಯ ನೆರಳಿನಲ್ಲಿ ಕುಳಿತು ಆ ತರುಣರಿಂದ ಈ ಲೆಕ್ಕವನ್ನು ಕಲಿತೆವು. ವಾಚಕರು ಬರೆದಿಟ್ಟುಕೊಳ್ಳಬಹುದು. ಚಂದ್ರಸೂರ್ಯರ ಸೆಳೆತಗಳು ಒಂದೇ ಸಾಲಿನಲ್ಲಿ ಕೂಡುವುದರಿಂದ ಹುಣ್ಣಿಮೆ ಅಮಾವಾಸ್ಯೆಗಳ ಹೊತ್ತಿಗೆ ಏರಿಳಿತಗಳೆರಡೂ ದೊಡ್ಡವು. ಅಷ್ಟಮಿಯ ಹೊತ್ತಿಗೆ ಸಣ್ಣವು. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಒಂದಕ್ಕೂ ಇನ್ನೊಂದಕ್ಕೂ ಆರು ಗಂಟೆಗಿಂತ ತುಸು ಹೆಚ್ಚಿನ ಅಂತರ. ಆ ಕರಾವಳಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳಂದು ನಸುಕಿನಲ್ಲಿ ನೀರು ಇಳಿದಿದ್ದು, ನಡುಹಗಲಿಗೆ ಮೊದಲೇ ತುಂಬುವುದು. ಮುಂದೆ ದಿನವೊಂದಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದು. ಇನ್ನೂ ಒಂದು ಮಾತು: ನೀರು ಆರು ಗಂಟೆಗಳಲ್ಲಿ ಸಮನಾಗಿ ಏರುವುದಿಲ್ಲ. ಏರುವ ಎತ್ತರವನ್ನು ಹನ್ನೆರಡು ಪಾಲು ಮಾಡಿದರೆ, ಮೊದಲನೆಯ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಮೊದಲು ಸಾಧುವಾಗಿ ತೋರಿದ ಕಡಲು ನಡುವಿನ ಎರಡು ಗಂಟೆಗಳಲ್ಲಿಯೇ ಅರ್ಧದಷ್ಟು ಏರಿಬಿಡುವುದು. ನಾವು ಸಿಕ್ಕಿಬಿದ್ದುದು ಆ ಎರಡು ಗಂಟೆಗಳಲ್ಲಿಯೇ. ಸರಿಯಾದ ಗಳಿಗೆಗಳನ್ನು ಈಗ ಮೊಬೈಲಿನಲ್ಲಿಯೂ ನೋಡಬಹುದು. ಆದರೆ ತಿಥಿಯನ್ನು ಬಲ್ಲ ಗೃಹಸ್ಥನಿಗೆ ಗೋಡೆಯ ಪಂಚಾಂಗವೇ ಅರ್ಧ ಉತ್ತರವನ್ನು ಹೇಳುವುದು.

ಜಲದ ವಿಕಾರವೂ ಕಾಲವೂ ಒಂದೇ ಶಬ್ದದಲ್ಲಿ ಏಕೆ ಕೂಡಿದುವೆಂದು ಹೀಗೆ ತಿಳಿಯಿತು. ಈ ವೇಳೆಯನ್ನು ಅರಿತವನಿಗೆ ಅಪಾಯವು ತಪ್ಪುವುದಷ್ಟೇ ಅಲ್ಲ, ನೋಟವೂ ದೊರೆಯುವುದು. ಮರುದಿನ ಗಾಯಕ್ಕೆ ಔಷಧ ಹಚ್ಚಿ, ಹುಡುಗನ ಹಟಕ್ಕೆ ಮಣಿದು, ಗುಡ್ಡದ ದಾರಿಯಿಂದಲೇ ಮುಂದೆ ನಡೆದೆವು. ಜಂಬಿಟ್ಟಿಗೆಯ ಕಲ್ಲುಹಾಸಿನ ಮೇಲೆ, ಒಂದು ಕಡೆ ಕುರುಚಲು ಕಾಡು, ಇನ್ನೊಂದು ಕಡೆ ಕೆಳಗೆ ಸಮುದ್ರ. ಸಣ್ಣ ದಂಡೆಗಳ ಮರಳಿನಲ್ಲಿ ಕಡಲೆಕಾಳಿಗಿಂತ ದೊಡ್ಡದಲ್ಲದ ಏಡಿಗಳು ಮರಳನ್ನು ಬಾಯಲ್ಲಿ ಸೋಸಿ, ಉಂಡೆಗಳನ್ನು ಮಾಡಿ, ಬಿಲದ ಸುತ್ತ ರಂಗವಲ್ಲಿಯಂತೆ ಹರಡಿದ್ದುವು. ಇದು ಇಳಿತದ ಹೊತ್ತಿನ ಚಿತ್ರ. ಭರತ ಬಂದೊಡನೆ ಅಳಿಸಿಹೋಗುವುದು.

ಸಂಜೆಯ ಮುಂಚೆ ತದಡಿಯಲ್ಲಿ ದೋಣಿಯನ್ನೇರಿದೆವು. ಅಘನಾಶಿನಿಯು ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಧುಮುಕಿ, ಎಲ್ಲಿಯೂ ಅಣೆಕಟ್ಟಿಗೆ ಸಿಲುಕದೆ ಕಡಲನ್ನು ಸೇರುವ ನದಿ. ಅದರ ಅಳಿವೆಯಲ್ಲಿ ಸಿಹಿನೀರೂ ಉಪ್ಪುನೀರೂ ದಿನಕ್ಕೆರಡು ಸಲ ಬೆರೆಯುವುವು. ಚಿಪ್ಪಿಕಲ್ಲು ಆಯುವವರೂ, ಉಪ್ಪುನೀರನ್ನು ಸಹಿಸುವ ಕಗ್ಗವೆಂಬ ಭತ್ತವನ್ನು ಗಜನಿಗದ್ದೆಗಳಲ್ಲಿ ಬೆಳೆಯುವವರೂ ಆ ಬೆರಕೆಯಿಂದಲೇ ಬದುಕುವರು. 2024ರಲ್ಲಿ ಈ ಅಳಿವೆಯು ಅಂತರರಾಷ್ಟ್ರೀಯ ಮಹತ್ವದ ರಾಮಸಾರ್ ತಾಣವೆಂದು ಘೋಷಿತವಾಯಿತು. ಅದರೊಡನೆಯೇ ಆ ಮನ್ನಣೆಯನ್ನು ಪಡೆದ ಇನ್ನೊಂದು ತಾಣವು ನಮ್ಮ ನೆರೆಯ ಗದಗು ಜಿಲ್ಲೆಯ ಮಾಗಡಿಯ ಕೆರೆ. ಹಿಮಾಲಯದಾಚೆಯ ಪಟ್ಟೆತಲೆಯ ಹೆಬ್ಬಾತುಗಳು ಆ ಕೆರೆಗೂ, ಅದೇ ಕಡೆಯ ಎತ್ತರದ ಸರೋವರಗಳ ಕಂದುತಲೆಯ ಕಡಲಕ್ಕಿಗಳು ಈ ಅಳಿವೆಗೂ ಚಳಿಗಾಲದ ಅತಿಥಿಗಳು.

ದೋಣಿಯು ನಡುನದಿಗೆ ಬಂದಾಗ ಅಂಬಿಗನು ಮಾತಿಲ್ಲದೆ ಕೈತೋರಿದನು. ಅಳಿವೆಯ ಬಾಯಲ್ಲಿ ಬೂದುಬಣ್ಣದ ಬೆನ್ನೊಂದು, ಗೂಳಿಯ ಇಣಿಯಂಥ ಉಬ್ಬಿನೊಡನೆ, ನಿಧಾನವಾಗಿ ಮೇಲೆದ್ದು ಮುಳುಗಿತು. ಅದರ ಹಿಂದೆ ಇನ್ನೊಂದು. ನಡುವೆ ಒಂದು ಮರಿ. ಇವು ಡುಬ್ಬದ ಡಾಲ್ಫಿನ್ನುಗಳು. ಆಳವಲ್ಲದ ನೀರನ್ನೇ ಮೆಚ್ಚಿ, ಏರಿಳಿತದೊಡನೆ ಮೀನುಗಳು ಓಡಾಡುವ ನದೀಮುಖಗಳಲ್ಲಿ ಬೇಟೆಯಾಡುವುವು. ಮೀನುಗಳಂತೆ ತೋರಿದರೂ ಇವು ನಮ್ಮಂತೆ ಉಸಿರಾಡಿ, ಒಂದು ವರ್ಷದ ಹತ್ತಿರ ಗರ್ಭವನ್ನು ಹೊತ್ತು, ಒಂದೇ ಮರಿಯನ್ನೀದು ಹಾಲೂಡುವ ಪ್ರಾಣಿಗಳು. ಬಲೆಗೆ ಸಿಕ್ಕಿದರೆ ಮೇಲೆ ಬಂದು ಉಸಿರೆಳೆಯಲಾರದೆ ಸಾಯುವುವು. ಅದರಿಂದಲೇ ಇವುಗಳ ಸಂತತಿ ಕುಗ್ಗಿ, ಅಳಿವಿನ ಅಪಾಯವುಳ್ಳ ಜೀವಿಗಳ ಪಟ್ಟಿಗೆ ಸೇರಿವೆ.

"ಅಜ್ಜಾ, ನೀ ಪಾಠ ಹೇಳಿದ್ದ ಶಿಶುಮಾರ ಅಂದ್ರ ಇದಽ ಏನು?" ಎಂದು ಮೊಮ್ಮಗನು ಪಿಸುಗುಟ್ಟಿದನು. ಶಿಶುಮಾರವೆಂಬುದು ಅಮರಕೋಶದ ವಾರಿವರ್ಗದಲ್ಲಿ ಬರುವ ಜಲಚರ. ಭಾಗವತದಲ್ಲಿ ನಕ್ಷತ್ರಮಂಡಲವನ್ನೇ ಆ ಪ್ರಾಣಿಯ ಆಕಾರದಲ್ಲಿ ವರ್ಣಿಸಿ, ಬಾಲದ ತುದಿಯಲ್ಲಿ ಧ್ರುವನನ್ನಿಟ್ಟಿದೆ. ಗಂಗೆಯ ಡಾಲ್ಫಿನ್ನಿಗೆ ಈ ಹೆಸರು ಸಲ್ಲುವುದು. ಅದು 2009ರಲ್ಲಿ ನಮ್ಮ ರಾಷ್ಟ್ರೀಯ ಜಲಚರವಾಯಿತು. ಇದು ಅದರ ಕಡಲಿನ ಬಂಧುವೆಂದು ಹೇಳಿದೆವು. ಇಷ್ಟು ವರ್ಷ ಕಲಿಸಿದ ಶಬ್ದವು ನೀರಿನಿಂದ ಮೇಲೆದ್ದು ಬುಸ್ಸೆಂದು ಉಸಿರುಬಿಟ್ಟುದನ್ನು ಆ ದಿನ ಮೊದಲು ಕಂಡೆವು.

ಉಳಿದದ್ದು ಮೂರನೆಯ ಅರ್ಥ, ಮರ್ಯಾದೆ. ಸಂಸ್ಕೃತದಲ್ಲಿ ಎಲ್ಲೆಯೆಂಬರ್ಥದ ಈ ಮಾತು ಕನ್ನಡದಲ್ಲಿ ಗೌರವವೆಂಬರ್ಥಕ್ಕೆ ತಿರುಗಿರುವುದು ಎಷ್ಟು ಉಚಿತ! ರಾಣೆಬೆನ್ನೂರಿನ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1974ರಲ್ಲಿ ಸ್ಥಾಪಿತವಾದ ತಮ್ಮ ಊರಿನ ಅಭಯಾರಣ್ಯದಲ್ಲಿ ಕೃಷ್ಣಮೃಗಗಳನ್ನು ನೋಡುವಾಗ ದೂರ ನಿಂತು, ಸದ್ದಡಗಿಸಿ, ಅವಾಗಿ ತೋರುವವರೆಗೆ ಕಾಯುವುದನ್ನು ಅವರು ಬಲ್ಲರು. ಅದೇ ಶಿಸ್ತು ಇಲ್ಲಿಯೂ ಬೇಕು. ಡಾಲ್ಫಿನ್ನುಗಳನ್ನು ಗುಡ್ಡದ ನೆತ್ತಿಯಿಂದ ನೋಡುವುದು ಉತ್ತಮ. ದೋಣಿಯಲ್ಲಿ ಹೋದರೆ ಬೆನ್ನಟ್ಟಬಾರದು, ಇಂಜಿನನ್ನು ನಿಲ್ಲಿಸಿ ಕಾಯಬೇಕೆಂದು ಅಂಬಿಗನಿಗೆ ಮೊದಲೇ ಹೇಳಬೇಕು.

ಕಡಲಾಮೆಯ ವಿಷಯದಲ್ಲಂತೂ ಈ ಮರ್ಯಾದೆಯು ಪ್ರಾಣದ ಪ್ರಶ್ನೆ. ಚಳಿಗಾಲದ ತಿಂಗಳುಗಳಲ್ಲಿ ಉತ್ತರ ಕನ್ನಡದ ದಂಡೆಗಳಿಗೆ ಆಲಿವ್ ರಿಡ್ಲಿ ಎಂಬ ಜಾತಿಯ ಆಮೆಗಳು ರಾತ್ರಿಯಲ್ಲಿ ಏರಿ ಬಂದು, ಮರಳು ತೋಡಿ, ನೂರರ ಸುಮಾರಿನಷ್ಟು ತತ್ತಿಗಳನ್ನಿಟ್ಟು ಮರಳುವುವು. ಗೀತೆಯಲ್ಲಿ ಸ್ಥಿತಪ್ರಜ್ಞನಿಗೆ ಅವಯವಗಳನ್ನು ಒಳಗೆಳೆದುಕೊಳ್ಳುವ ಕೂರ್ಮವನ್ನು ಹೋಲಿಸಿದೆಯಷ್ಟೆ. ಕಡಲಾಮೆಗೆ ಆ ಶಕ್ತಿಯಿಲ್ಲ, ತಲೆಯನ್ನಾಗಲಿ ಕಾಲನ್ನಾಗಲಿ ಚಿಪ್ಪಿನೊಳಗೆ ಎಳೆದುಕೊಳ್ಳಲಾರದು. ನಾಯಿಯೋ ನರನೋ ಬಂದರೆ ಅದಕ್ಕೆ ಮರೆಯಿಲ್ಲ. ಆರೇಳು ವಾರಗಳಿಂದ ಎಂಟು ವಾರಗಳೊಳಗೆ ಮರಿಗಳು ಹೊರಟು, ದಿಗಂತದ ಬೆಳಕನ್ನೇ ಗುರಿಯಾಗಿಟ್ಟುಕೊಂಡು ಕಡಲಿಗೆ ಹರಿಯುವುವು. ದಂಡೆಯ ಮೇಲೆ ದೀಪ ಬೆಳಗಿದರೆ ದಾರಿ ತಪ್ಪಿ ನೆಲದ ಕಡೆ ಬಂದು ಸಾಯುವುವು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಅರಣ್ಯ ಇಲಾಖೆಯವರೂ ಬೆಸ್ತರೂ ಕೂಡಿ ಇಂಥ ಗೂಡುಗಳನ್ನು ಕಾಯುವರು. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ತತ್ತಿಗಳನ್ನು ಮುಟ್ಟುವುದೂ ಅಪರಾಧ. ಗೂಡು ಕಂಡರೆ ದೂರ ನಿಂತು ಸ್ಥಳೀಯರಿಗೆ ತಿಳಿಸಿದರೆ ಸಾಕು.

ಹೊರಡುವವರಿಗೆ ಕೆಲವು ಸೂಚನೆಗಳು. ನವೆಂಬರಿನಿಂದ ಫೆಬ್ರುವರಿಯವರೆಗೆ ತಕ್ಕ ಕಾಲ. ಮಳೆಗಾಲದಲ್ಲಿ ಬಂಡೆಗಳ ಹತ್ತಿರ ಸುಳಿಯಲೇಬಾರದು. ಸಣ್ಣ ದಂಡೆಗಳಲ್ಲಿ ಕುಡಿಯುವ ನೀರು ಸಿಕ್ಕೀತೆಂದು ನಂಬದೆ ಹೊತ್ತೊಯ್ಯಬೇಕು. ಬರಿಗಾಲೂ ನುಣುಪು ಅಟ್ಟೆಯ ಚಪ್ಪಲಿಯೂ ಸಲ್ಲವು. ಬೆಳಗ್ಗೆ ಬೇಗ ನಡೆದು, ಹತ್ತು ಗಂಟೆಗೆ ನೆರಳು ಸೇರಬೇಕು. ಮುಖ್ಯವಾಗಿ, ದಂಡೆಯಲ್ಲಿ ಕೆಲಸ ಮಾಡುವವರು ನಿಲ್ಲೆಂದರೆ ನಿಲ್ಲಬೇಕು.

ಇನ್ನು ಒಂದೇ ಮಾತು. ಹಿಂದಿರುಗುವಾಗ ಶಿರಸಿಯ ಬಸ್ಸಿನಲ್ಲಿ ನಾವು ಮೊಮ್ಮಗನಿಗೆ, ಮೊಳಕಾಲಿನ ಗಾಯವು ಗುಡ್ಡದ ಮೇಲೆ ಎಡವಿ ಆದುದೆಂದು ತಾಯಿಗೆ ಹೇಳಬೇಕೆಂದೆವು. ಅವನು ಬಹಳ ಹೊತ್ತು ಕಿಟಕಿಯ ಹೊರಗೆ ನೋಡಿ, "ಸುಳ್ಳು ಹೇಳಬಾರದಂತ ಕಲಿಸಿದಾಂವ ನೀನಽ ಅಲ್ಲೇನಜ್ಜಾ?" ಎಂದನು. ಮನೆಗೆ ಬಂದ ರಾತ್ರಿ ಸೊಸೆಯನ್ನು ಕೂರಿಸಿ ನಡೆದುದೆಲ್ಲವನ್ನೂ ಹೇಳಿದೆವು. ಅವಳು ಅತ್ತಳು, ಎರಡು ದಿನ ನಮ್ಮೊಡನೆ ಮಾತನಾಡಲಿಲ್ಲ. ಮೂರನೆಯ ದಿನ ಹರಿದ ಸೆರಗಿಗೆ ಬದಲಾಗಿ ಒಂದು ಹೊಸ ಸೀರೆಯನ್ನೂ ಎರಡು ಸೇರು ಬ್ಯಾಡಗಿ ಮೆಣಸಿನಕಾಯಿಯನ್ನೂ ಕಟ್ಟಿ, ಗೋಕರ್ಣಕ್ಕೆ ಹೋಗುವವರೊಬ್ಬರ ಕೈಯಲ್ಲಿ ಕಳುಹಿಸಿದಳು. ಅದು ತಲುಪಿದ ಸುದ್ದಿಯೂ ಬಂತು.

ಈಗ ನಮ್ಮ ಮನೆಯ ಪಂಚಾಂಗದಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಪಕ್ಕದಲ್ಲೆಲ್ಲ ಮೊಮ್ಮಗನ ಅಕ್ಷರದಲ್ಲಿ 'ದೊಡ್ಡ ಭರತ' ಎಂದು ಬರೆದಿದೆ. ಈ ಚಳಿಗಾಲದಲ್ಲಿ ಮತ್ತೆ ಹೋಗಲು ಅವನಿಗೆ ಅಪ್ಪಣೆಯಾಗಿದೆ. ಆದರೆ ಯಾವ ದಿನ, ಯಾವ ದಾರಿಯೆಂದು ನಿಶ್ಚಯಿಸುವವರು ಈ ಸಲ ನಾವಲ್ಲ. ಸೊಸೆಯೂ ಜೊತೆಗೆ ಬರುವಳು.